ಕಿವಿಗೆ ತಲುಪುವ ದುಡ್ಡು

ಮನೆಗೆ ಆಡಿಯೋ ಸಿಸ್ಟಂ ಕೊಳ್ಳಲು ಸಲಹೆ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ದುಡ್ಡಿನ ದೊಡ್ಡ ಪಾಲು ಸ್ಪೀಕರಿಗೆ ಹಾಕಿ, ಉಳಿದದ್ದಕ್ಕೆ ಕೈ ಬಿಗಿ ಹಿಡಿಯಿರಿ. ನನ್ನ ಮನೆಯಲ್ಲೂ ಗೆಳೆಯರ ಮನೆಗಳಲ್ಲೂ ವರ್ಷಗಟ್ಟಲೆ ಜೋಡಿಸಿ, ಬಿಚ್ಚಿ, ಕೇಳಿ ಬಂದ ತೀರ್ಮಾನವಿದು.

ಗೆಳೆಯನ ದುಬಾರಿ ಆಂಪ್ಲಿಫೈಯರನ್ನೂ ನನ್ನ ಸಾಧಾರಣದ್ದನ್ನೂ ಪರದೆಯ ಹಿಂದಿಟ್ಟು, ಒಂದೇ ಸ್ಪೀಕರ್ ಜೋಡಿಗೆ ಸರದಿಯಂತೆ ಕೊಟ್ಟು ಕೇಳಿದೆವು. ಮೊದಲು ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿಕೊಂಡೆವು. ಏಕೆಂದರೆ ಸದ್ದು ತುಸು ಹೆಚ್ಚಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ಅಂಗಡಿಯಲ್ಲಿ ನಾವು ಮರುಳಾಗುವುದು ಹೆಚ್ಚಾಗಿ ಇಲ್ಲೇ. ಸಮ ಮಾಡಿದ ಮೇಲೆ ಯಾವುದು ಯಾರದೆಂದು ಇಬ್ಬರಿಗೂ ಹೇಳಲಾಗಲಿಲ್ಲ. ವ್ಯಾಟ್ ಲೆಕ್ಕವೂ ಹೀಗೆಯೇ. 50ರ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ತಂತಿಗೂ ದುಡ್ಡು ಸುರಿಯಬೇಕಿಲ್ಲ: ಹತ್ತಡಿ ದೂರದ ಸ್ಪೀಕರಿಗೆ 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ತಂತಿ ಧಾರಾಳವಾಗಿ ಸಾಕು.

ಸ್ಪೀಕರಿನ ಮಾತು ಬೇರೆ. ಅಲ್ಲಿ ವ್ಯತ್ಯಾಸ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಒಳ್ಳೆಯ ಜೋಡಿಯಲ್ಲಿ ತಂಬೂರಿಯ ಜವಾರಿಯ ಝೇಂಕಾರ ಗಾಯಕರ ದನಿಯಲ್ಲಿ ಕಲಸಿಹೋಗದೆ ಹಿಂದೆ ಬೇರೆಯಾಗಿ ನಿಲ್ಲುತ್ತದೆ.

ಆ ಸ್ಪೀಕರನ್ನೂ ಕೆಡಿಸಬಲ್ಲದ್ದು ಕೋಣೆ. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬರಿಗೋಡೆ, ಆರ್‌ಸಿಸಿ ಚಾವಣಿ; ಎಲ್ಲವೂ ಸದ್ದನ್ನು ಹೀರದೆ ಮರಳಿಸುತ್ತವೆ. ಹತ್ತಡಿ ಅಗಲದ ಕೋಣೆಯಲ್ಲಿ ಸುಮಾರು 56 ಹರ್ಟ್ಸ್‌ನ ನಾದ ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಉಬ್ಬುತ್ತದೆ; ತಬಲಾ ಜೋಡಿಯ ಡಗ್ಗಾದ ಪೆಟ್ಟು ಗುಂಯ್‌ಗುಡುತ್ತದೆ. ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತಂದು, ನಾವು ಕೂರುವ ಜಾಗವನ್ನೂ ಹಿಂಗೋಡೆಯಿಂದ ಸರಿಸಿದರೆ ಗುಂಯ್‌ಗುಡುವಿಕೆ ತಗ್ಗುತ್ತದೆ. ಜಮಖಾನೆ, ದಪ್ಪ ಪರದೆಗಳು ಮೇಲಿನ ಸ್ವರಗಳ ಮಾರ್ದನಿಯನ್ನು ಹೀರುತ್ತವೆ. ಇದಕ್ಕೆಲ್ಲ ಖರ್ಚು ಕಡಿಮೆ.

ದುಡ್ಡಿನಿಂದ ದಾಟಲಾಗದ ಇನ್ನೆರಡು ಮಿತಿಗಳಿವೆ. ಗಾಯಕ ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳ ಕಾಲದ ಧ್ವನಿಮುದ್ರಣದಲ್ಲಿ ಇಲ್ಲದ ಸ್ವರವನ್ನು ಯಾವ ಯಂತ್ರವೂ ಸೇರಿಸದು. ಗರಗರ ಸದ್ದನ್ನು ಮಾತ್ರ ಇನ್ನಷ್ಟು ಸ್ಪಷ್ಟಗೊಳಿಸೀತು. ಎರಡನೆಯದು ವಯಸ್ಸು. 20,000 ಹರ್ಟ್ಸ್‌ವರೆಗೆ ಕೇಳುವುದು ಎಳೆಯ ಕಿವಿಗಳು. ದುಬಾರಿ ಸಾಮಾನು ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ನನ್ನಂಥವರ ಕಿವಿ ಮೇಲಿನ ಸ್ವರಗಳನ್ನು ಬಿಟ್ಟುಕೊಟ್ಟಿರುತ್ತದೆ.

ಹಾಗಾದರೆ ಲಕ್ಷಗಟ್ಟಲೆ ಸುರಿಯುವವರು ಮೂಢರೇ? ಅಲ್ಲ. ಚೆಂದದ ಮರಗೆಲಸ, ಗಟ್ಟಿ ಗುಂಡಿಗಳು, ಒಡೆತನದ ಸುಖ ಇವಕ್ಕೂ ಬೆಲೆಯಿದೆ. ಆ ಬೆಲೆಯನ್ನು ನಾದದ ಲೆಕ್ಕಕ್ಕೆ ಬರೆಯದಿದ್ದರೆ ಸಾಕು. ಕೊಳ್ಳುವ ಮುನ್ನ ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ಅಂಗಡಿಗೆ ಒಯ್ಯಿರಿ. ಸಾಧ್ಯವಾದರೆ ಸ್ಪೀಕರನ್ನೇ ಮನೆಗೆ ತರಿಸಿ ಕೇಳಿ. ಬೆಲೆಚೀಟಿಯನ್ನು ಕೊನೆಗೆ ನೋಡಿ.