ತೆಂಗಿನ ನಾರುಪುಡಿಯಲ್ಲಿ ಮೆಣಸಿನ ಅಗಿ: ಕೆಟ್ಟು ಕಲಿತ ಪಾಠ

ನಮ್ಮ ಹೂಲಿ ಸವದತ್ತಿ ತಾಲೂಕಿನ ಊರು. ಗುಡ್ಡದ ಬುಡಕ್ಕೆ ಮಸಾರಿ, ಕೆಳಗೆ ಎರಿ ಹೊಲ. ಮಳೆ ನಂಬಿ ಜೋಳ, ಕಡಲಿ, ಹತ್ತಿ, ಮೆಣಸಿನಕಾಯಿ ಬೆಳೆಯುವವರು ನಾವು. ತೆಂಗು ನಮ್ಮ ಬೆಳೆಯಲ್ಲ. ಆದರೂ ತೆಂಗಿನ ನಾರಿನ ಪುಡಿ ನನಗೆ ಒಮ್ಮೆ ನಷ್ಟ ಮಾಡಿತು, ಮರುವರ್ಷ ಅದೇ ಕೈ ಹಿಡಿಯಿತು. ಎರಡನ್ನೂ ಬರೆಯುತ್ತೇನೆ.

ಕಾಯಿಯ ಸಿಪ್ಪೆಯಿಂದ ಹಗ್ಗಕ್ಕೆ ನಾರು ತೆಗೆದ ಮೇಲೆ ಉದುರುವ ಕಂದು ಪುಡಿಯೇ ಇದು. ಪೇಟೆಯಲ್ಲಿ ಕೊಕೊಪೀಟ್ ಅಂತಾರೆ. ತಿಪಟೂರು, ಅರಸೀಕೆರೆ ಕಡೆ ನಾರಿನ ಗಿರಣಿಗಳ ಮುಂದೆ ಹಿಂದೆಲ್ಲ ಇದು ಗುಡ್ಡೆ ಬೀಳುತ್ತಿತ್ತು. ತನ್ನ ತೂಕದ ಐದರಿಂದ ಎಂಟು ಪಟ್ಟು ನೀರು ಹಿಡಿಯುತ್ತದೆ. ಹಗುರ, ಬೇರಿಗೆ ಗಾಳಿಯೂ ಸಿಗುತ್ತದೆ. ಅದಕ್ಕೇ ನರ್ಸರಿಯವರು ಮಣ್ಣು ಬಿಟ್ಟು ಇದನ್ನು ಹಿಡಿದದ್ದು.

ಮೊದಲ ವರ್ಷದ ಪೆಟ್ಟು

2022ರಲ್ಲಿ ಪರಿಚಯದವರ ಲಾರಿಯಲ್ಲಿ ಹತ್ತು ಚೀಲ ಹಸಿ ಪುಡಿ ತರಿಸಿದೆ. ಅಗ್ಗವಾಗಿ ಸಿಕ್ಕಿತ್ತು. ತೊಳೆಯಲಿಲ್ಲ, ಏನೂ ಬೆರೆಸಲಿಲ್ಲ. ನೇರ ಟ್ರೇಗೆ ತುಂಬಿ ಬ್ಯಾಡಗಿ ಬೀಜ ಊರಿದೆ. ನಮ್ಮ ದೊಡ್ಡಪ್ಪ ನೋಡಿ, "ತಮ್ಮಾ, ಮಣ್ಣಿಲ್ಲದ ಅಗಿ ಬದುಕತಾವೇನೋ?" ಅಂದರು. ನಾನು ನಕ್ಕೆ.

ಅರ್ಧ ಬೀಜ ಹುಟ್ಟಲಿಲ್ಲ. ಹುಟ್ಟಿದ್ದು ಹಳದಿಯಾಗಿ ಬೆರಳುದ್ದಕ್ಕೆ ನಿಂತವು. ಮಳೆ ಬಂತು, ಹೊಲ ಹದವಾಯಿತು, ಹಚ್ಚಲು ಅಗಿ ಇಲ್ಲ! ಸಾಲ ಮಾಡಿ ಬೇರೆಯವರ ಅಗಿ ತಂದು ಹಚ್ಚಿದೆ. ಅದೂ ಹದ ದಾಟಿದ ಮೇಲೆ.

ಆಮೇಲೆ ಕೇಳಿ ತಿಳಿದ ಕಾರಣ ಮೂರು. ಒಂದು, ಹಸಿ ಪುಡಿಯಲ್ಲಿ ಉಪ್ಪು ಇರುತ್ತದೆ. ಕರಾವಳಿಯ ಉಪ್ಪುನೀರಲ್ಲಿ ಸಿಪ್ಪೆ ಕೊಳೆಹಾಕಿದ್ದರೆ ಇನ್ನೂ ಹೆಚ್ಚು. ಎರಡು, ಅದರ ಒಗರು ಎಳೆ ಬೇರಿಗೆ ಆಗದು. ಮೂರನೆಯದು ಸಾರಜನಕದ ಲೆಕ್ಕ. ಹಸಿ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕವನ್ನು ತಾವೇ ತಿನ್ನುತ್ತವೆ, ಅಗಿ ಉಪವಾಸ ಬೀಳುತ್ತದೆ. ನನ್ನ ಅಗಿ ಹಳದಿಯಾದದ್ದು ಹೀಗೆ.

ಈಗ ನಾನು ಮಾಡುವ ರೀತಿ

ತೊಳೆದು ಒತ್ತಿದ 5 ಕಿಲೋ ಇಟ್ಟಂಗಿ ತರುತ್ತೇನೆ. 20-25 ಲೀಟರ್ ನೀರು ಹಾಕಿದರೆ ಅರಳಿ 70 ಲೀಟರಿನಷ್ಟು ಪುಡಿಯಾಗುತ್ತದೆ. 'ತೊಳೆದದ್ದು' ಅಂತ ಬರೆದಿದ್ದರೂ ನಾನು ಗೋಣಿಚೀಲಕ್ಕೆ ತುಂಬಿ ಮೂರು ಸಲ ಸಿಹಿನೀರು ಹಾಯಿಸುತ್ತೇನೆ. ನಮ್ಮ ಎರಿ ಭೂಮಿಯ ಎಷ್ಟೋ ಬೋರಿನ ನೀರು ಸವಳು. ಸವಳು ನೀರಲ್ಲಿ ತೊಳೆದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ಹೊಂಡದ ಮಳೆನೀರು ಉತ್ತಮ. ಅನುಮಾನ ಇದ್ದರೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ನೀರು ತೋರಿಸಿ ಕೇಳಿರಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ. ಒಂದು ಡಬ್ಬಿಯಲ್ಲಿ ಪುಡಿ, ಇನ್ನೊಂದರಲ್ಲಿ ಹೊಲದ ಮಣ್ಣು. ಎರಡರಲ್ಲೂ ಇಪ್ಪತ್ತಿಪ್ಪತ್ತು ಹೆಸರುಕಾಳು ಹಾಕಿ ವಾರ ನೋಡುವುದು. ಪುಡಿಯಲ್ಲಿ ಹುಟ್ಟು ಕಡಿಮೆಯಾದರೆ ಮತ್ತೆ ತೊಳೆಯಬೇಕು.

ಮೂರು ಬುಟ್ಟಿ ಪುಡಿಗೆ ಒಂದು ಬುಟ್ಟಿ ಜರಡಿ ಹಿಡಿದ ಎರೆಗೊಬ್ಬರ, ಒಂದು ಹಿಡಿ ಟ್ರೈಕೋಡರ್ಮಾ ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು, ಧಾರೆ ಇಳಿದರೆ ನೀರು ಹೆಚ್ಚಾಯಿತು. 98 ಕುಣಿಯ ಟ್ರೇಗೆ ತುಂಬಿ ಕುಣಿಗೊಂದು ಬೀಜ ಊರಿ, ಟ್ರೇ ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಹೊದಿಸುತ್ತೇನೆ. ಐದನೇ ದಿನದಿಂದ ದಿನಾ ತೆರೆದು ನೋಡಬೇಕು. ಮೊಳಕೆ ಕಂಡ ದಿನವೇ ಟ್ರೇ ಬಿಡಿಸಿ ನೆರಳುಪರದೆಯ ಕೆಳಗೆ ಹರಡಬೇಕು. ಒಂದು ದಿನ ತಡವಾದರೂ ಅಗಿ ಬೆಳ್ಳಗೆ ಉದ್ದವಾಗಿ ಬಾಗುತ್ತವೆ.

ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಕಣ್ಣು ನಂಬಿ ನೀರು ಹಾಕಿದರೆ ಬುಡ ಕೊಳೆಯುತ್ತದೆ. ನಮ್ಮ ಮನಿಯಾಕಿ ಟ್ರೇ ಎತ್ತಿ ಭಾರ ನೋಡಿ ನೀರು ಹಾಕುತ್ತಾಳೆ. ಅದೇ ಸರಿಯಾದ ಅಳತೆ.

ಪುಡಿಯಲ್ಲಿ ಅಗಿಗೆ ಸಾಕಾಗುವ ಆಹಾರ ಇಲ್ಲ. 12 ಮತ್ತು 20ನೇ ದಿನ 19:19:19 ಗೊಬ್ಬರ ಲೀಟರಿಗೆ 3 ಗ್ರಾಂನಂತೆ ಸಿಂಪಡಿಸುತ್ತೇನೆ. 35-40 ದಿನಕ್ಕೆ ಮೆಣಸಿನ ಅಗಿ ತಯಾರು. ಹಚ್ಚುವ ವಾರ ಮೊದಲೇ ನೆರಳು ತೆಗೆದು, ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಬೇಕು.

2023ರ ಬರದಲ್ಲಿ ಕಂಡದ್ದು

ಆ ವರ್ಷ ಜೂನ್ ಮಳೆ ತಡ. ಜೂನ್ 18ಕ್ಕೆ ಬೀಜ ಹಾಕಿ, ಜುಲೈ 27ಕ್ಕೆ ಅಗಿ ಹಚ್ಚಿದೆ. ಎರಡೂವರೆ ಅಡಿ ಚೌಕದಲ್ಲಿ 20 ಗುಂಟೆಗೆ ಸುಮಾರು 3,500 ಅಗಿ. 40 ಟ್ರೇ, ಎರಡು ಇಟ್ಟಂಗಿ ಸಾಕಾದವು. ಪಕ್ಕದ 20 ಗುಂಟೆಗೆ ಮಡಿಯಿಂದ ಕಿತ್ತ ಅಗಿ ಹಚ್ಚಿದೆ.

ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಎರಡೂ ಕಡೆ ಬುಡಕ್ಕೊಂದು ತಂಬಿಗೆಯಂತೆ ಎರಡು ಸಲ ನೀರು ಹೊತ್ತು ಹಾಕಿದೆವು. ಕಿತ್ತು ಹಚ್ಚಿದ್ದರಲ್ಲಿ ಅರ್ಧ ಒಣಗಿದವು. ಟ್ರೇ ಅಗಿ ಹತ್ತಕ್ಕೆ ಎಂಟು ಉಳಿದವು. ಮಡಿಯಿಂದ ಕೀಳುವಾಗ ಸಣ್ಣ ಬೇರು ಹರಿದು ಮಣ್ಣಲ್ಲೇ ಉಳಿಯುತ್ತವೆ. ಟ್ರೇ ಅಗಿ ಬೇರಿನ ಉಂಡೆ ಸಮೇತ ಹೊಲಕ್ಕೆ ಬರುತ್ತದೆ. ವ್ಯತ್ಯಾಸ ಅಷ್ಟೇ.

ಬರದ ವರ್ಷ ಬರದ ವರ್ಷವೇ. ಕಾಯಿ ಎರಡೂ ಕಡೆ ಕಡಿಮೆಯೇ ಬಂತು. ಆದರೆ ಟ್ರೇ ಅಗಿಯ ಹೊಲ ಬೀಜ, ಗೊಬ್ಬರದ ಖರ್ಚು ಕೊಟ್ಟಿತು, ಇನ್ನೊಂದು ಕೊಡಲಿಲ್ಲ.

ಎಚ್ಚರ

ಹಚ್ಚುವಾಗ ಉಂಡೆಯ ಮೇಲೆ ಎರಡು ಬೆರಳು ಮಣ್ಣು ಬರಲಿ. ಉಂಡೆ ಹೊರಗೆ ಕಂಡರೆ ಗಾಳಿಗೆ ಬೇಗ ಒಣಗಿ ಅಗಿ ಸಾಯುತ್ತದೆ. ಮಳೆ ತಡವೆಂದು 45 ದಿನ ದಾಟಿಸಬೇಡಿ, ಬೇರು ಸುತ್ತಿಕೊಂಡು ಬೆಳವಣಿಗೆ ನಿಲ್ಲುತ್ತದೆ. ಒಂದೇ ದಿನ ಎಲ್ಲ ಬೀಜ ಊರದೆ, ಹತ್ತು ದಿನ ಅಂತರದಲ್ಲಿ ಎರಡು ಕಂತು ಮಾಡಿರಿ.

ಹಸಿ ಪುಡಿ ಅಗ್ಗಕ್ಕೆ ಸಿಕ್ಕರೆ ಕಾಂಪೋಸ್ಟ್ ಮಾಡಿಯೇ ಹೊಲಕ್ಕೆ ಹಾಕಿ. ಒಂದು ಟನ್ನಿಗೆ 5 ಕಿಲೋ ಯೂರಿಯಾ, ಚಿಪ್ಪು ಅಣಬೆಯ 5 ಬಾಟಲಿ ಬೀಜ ಪದರ ಪದರವಾಗಿ ಹಾಕಿ ತೇವ ಕಾಯುವ ಪದ್ಧತಿ ಇದೆ. ಬಾವಿ ಬದುವಿನಲ್ಲಿ ನಾಲ್ಕು ತೆಂಗು ಇರುವವರು ಸಿಪ್ಪೆ ಸುಡಬೇಡಿರಿ. ಗಿಡದ ಸುತ್ತ ಅಗಳು ತೆಗೆದು, ಸಿಪ್ಪೆಯ ಒಳಮೈ ಮೇಲೆ ಬರುವಂತೆ ಹೂಳಿರಿ. ವರ್ಷಗಟ್ಟಲೆ ತೇವ ಹಿಡಿಯುತ್ತದೆ.

ಹೊಸಬರು ಮೊದಲ ವರ್ಷ ಹತ್ತು ಟ್ರೇ ಮಾತ್ರ ಮಾಡಿರಿ, ಜೊತೆಗೆ ಮಡಿಯೂ ಇರಲಿ. ಮಡಿ ಹಾಕದೆ ಎಲ್ಲ ಅಗಿಯನ್ನೂ ಒಂದೇ ಕಡೆ ನೆಚ್ಚಿ ನಾನು ಕೆಟ್ಟೆ. ದೊಡ್ಡಪ್ಪ ಈಗ ತಮ್ಮ ಬದನೆ ಬೀಜವನ್ನೂ ನನ್ನ ಟ್ರೇಗೇ ತಂದುಕೊಡುತ್ತಾರೆ.