ಕೈ ಕಟ್ಟಿ ನಿಲ್ಲುವ ಕಾವಲು

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಕಡಲಾಮೆಯ ಗೂಡು ಹುಡುಕುವವರು ಬೆಳಕು ಹರಿಯುವ ಮೊದಲೇ ಮರಳಿಗೆ ಇಳಿಯಬೇಕು. ಗಾಳಿ ಎದ್ದಿತೆಂದರೆ ಜಾಡು ಅಳಿಸಿಹೋಗುತ್ತದೆ. ಆಲಿವ್ ರಿಡ್ಲೆ ಕಡಲಾಮೆ ಎಡಗಾಲು ಒಮ್ಮೆ, ಬಲಗಾಲು ಒಮ್ಮೆ ಊರಿ ತೆವಳುತ್ತದೆ. ಹಸಿರು ಕಡಲಾಮೆ ಎರಡನ್ನೂ ಒಟ್ಟಿಗೆ ಊರುತ್ತದೆ. ಜಾಡಿನಲ್ಲಿ ಈ ವ್ಯತ್ಯಾಸ ಗುರುತಿಸಲು ನನಗೆ ಕಲಿಸಿದವರು ಬಲೆ ಎಳೆಯುವ ಮೀನುಗಾರರು. ಅರಣ್ಯ ಇಲಾಖೆಗೆ ಗೂಡಿನ ಸುದ್ದಿ ಮುಟ್ಟುವುದೂ ಬಹುಪಾಲು ಅವರಿಂದಲೇ.

ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ನಾಯಿ, ನರಿ ಕೆದಕುವ ಜಾಗವಾದರೆ ಬೇರೆಡೆ ಹೂಳಬೇಕಾಗುತ್ತದೆ. ಆದರೆ ಇಟ್ಟ ಕೆಲವೇ ತಾಸುಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಹೊರಳಿದರೆ ಮರಿ ಉಳಿಯುವುದು ಕಷ್ಟ. ಆದ್ದರಿಂದ ಮೊಟ್ಟೆ ಸಾಗಿಸುವುದು ತರಬೇತಿ ಪಡೆದ ಸಿಬ್ಬಂದಿಯ ಕೆಲಸ. ಹೂಳುವ ಜಾಗವೂ ಮುಖ್ಯ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು, ಗಾಳಿಮರದ ನೆರಳಿನ ತಂಪಿನಲ್ಲಿ ಗಂಡು ಹೆಚ್ಚು.

ಸುಮಾರು 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ, ಸಾಮಾನ್ಯವಾಗಿ ಮೇಲ್ಮರಳು ತಣ್ಣಗಾದ ರಾತ್ರಿಯಲ್ಲಿ. ಒಮ್ಮೆ ಮರಳು ಮೆಲ್ಲಗೆ ಕುಸಿದು ಒಂದು ಮೂತಿ ಕಂಡಿತು, ಹಿಂದೆಯೇ ಗುಂಪು. ಅರ್ಧದಷ್ಟು ಮರಿಗಳು ಸಮುದ್ರಕ್ಕೆ ಬೆನ್ನು ಹಾಕಿ ದೂರದ ಶೆಡ್ಡಿನ ಟ್ಯೂಬ್‌ಲೈಟಿನ ಕಡೆ ಹೊರಟವು. ಅವು ನಂಬುವುದು ಬೆಳಕನ್ನು. ಕತ್ತಲ ದಡದಲ್ಲಿ ಕಡಲಿನ ಅಂಚೇ ಎಲ್ಲಕ್ಕಿಂತ ಬೆಳಕಾಗಿರುತ್ತದೆ. ಎತ್ತಿಕೊಳ್ಳಲು ಬಗ್ಗಿದ ಹುಡುಗನಿಗೆ ಹಿರಿಯ ಮೀನುಗಾರರೊಬ್ಬರು, "ತಮಾ, ಮುಟ್ಟೂಕೆ ಹೋಗಬೇಡ, ಮೊದ್ಲು ಆ ಲೈಟು ಆರಿಸು" ಎಂದರು. ಲೈಟು ಆರಿತು. ಮರಿಗಳು ನಿಂತವು, ತಿರುಗಿದವು, ನೀರಿನ ಕಡೆ ನಡೆದವು.

ಮರುದಿನ ಶೆಡ್ಡಿನವರೇ ದೀಪಕ್ಕೆ ಗೋಣಿತಾಟು ಕಟ್ಟಿದರು. ರೆಸಾರ್ಟುಗಳವರನ್ನು ಒಪ್ಪಿಸುವುದು ಇಷ್ಟು ಸುಲಭವಲ್ಲ. ಮೊಬೈಲ್ ಬೆಳಕು ಹಿಡಿದು ಸುತ್ತ ಕೂರುವ ಪ್ರವಾಸಿಗರನ್ನು ಹಿಂದೆ ಸರಿಸುವುದರಲ್ಲೇ ನಮ್ಮ ಶಕ್ತಿ ಕಳೆಯುತ್ತದೆ. ಅವರ ಪ್ರೀತಿ ನಿಜವಾದದ್ದು, ಅದಕ್ಕೇ ಬೈಯಲು ಮನಸ್ಸಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕಡಲಾಮೆಗೆ ದಡಕ್ಕಿಂತ ದೊಡ್ಡ ಗಂಡಾಂತರ ಕಡಲಲ್ಲಿದೆ. ಉಸಿರಿಗೆ ಮೇಲೆ ಬರಲೇಬೇಕಾದ ಆಮೆ ಟ್ರಾಲ್ ಬಲೆಯಲ್ಲಿ ಸಿಕ್ಕರೆ ಉಸಿರುಕಟ್ಟಿ ಸಾಯುತ್ತದೆ. ಆಮೆ ಪಾರಾಗಲು ಬಲೆಗೆ ಅಳವಡಿಸುವ ಟಿಇಡಿ ಎಂಬ ಸಾಧನವಿದೆ. ಮೀನೂ ತಪ್ಪಿಸಿಕೊಳ್ಳುತ್ತದೆ ಎಂಬುದು ಬೋಟಿನವರ ಆತಂಕ. ಆ ನಷ್ಟವನ್ನು ಅವರ ತಲೆಗೆ ಕಟ್ಟದೆ ಸರ್ಕಾರವೇ ತುಂಬಿಕೊಡಬೇಕು.