ಅಜ್ಜಿಯರ ಹಾಡು, ನಿಮ್ಮ ಲ್ಯಾಪ್‌ಟಾಪ್

ನಿಮ್ಮ ಪತ್ರ ಓದಿ ಕಳವಳವಾಯಿತಮ್ಮ. ಬೀಸುವ ಪದ ಹಾಡಿದ 40 ಅಜ್ಜಿಯರ ಧ್ವನಿ ಒಂದೇ ಲ್ಯಾಪ್‌ಟಾಪ್‌ನಲ್ಲಿದೆ ಅಂದಿದ್ದೀರಿ. ಇವತ್ತೇ ಇನ್ನೆರಡು ಪ್ರತಿ ಮಾಡಿ. ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ಕಡತಕ್ಕೆ ‘ಹೊಸದು, ಕೊನೆಯದು’ ಅಂತ ಹೆಸರಿಡಬೇಡಿ. ‘2024-08-12_ಬೀಸುವಪದ_03’ ಎಂದಿಟ್ಟರೆ ಹತ್ತು ವರ್ಷ ಬಿಟ್ಟು ನೋಡಿದರೂ ತಿಳಿಯುತ್ತದೆ.

ಇನ್ನು ಹಂಚಿಕೆ. ಒಪ್ಪಿಗೆ ಪತ್ರದಲ್ಲಿ ‘ನನ್ನ ಸಂಶೋಧನೆಗೆ ಮಾತ್ರ’ ಎಂದಿರುವಾಗ ಎಲ್ಲವನ್ನೂ ಜಾಲತಾಣಕ್ಕೆ ಹಾಕುವುದು ಖಂಡಿತ ತಪ್ಪು. ಮತ್ತೊಮ್ಮೆ ಊರಿಗೆ ಹೋಗಿ, ಹಾಡು ಬೇರೆ, ಮಾತುಕತೆ ಬೇರೆ ಎಂದು ಬಿಡಿಸಿ ಕೇಳಿ. ಹಾಡಿನ ನಡುವೆ ಸಾಲದ ಸಂಕಟ ತೋಡಿಕೊಂಡ ಅಜ್ಜಿ ಅದನ್ನು ಲೋಕಕ್ಕೆ ಹೇಳಲಿಲ್ಲ, ನಿಮಗೆ ಹೇಳಿದರು. ಒಪ್ಪಿದ ಹಾಡುಗಳನ್ನು ಸರ್ನ್ ಸಂಸ್ಥೆ ನಡೆಸುವ ಜೆನೊಡೊ ಎಂಬ ಸಂಶೋಧನಾ ಭಂಡಾರದಲ್ಲಿಡಿ; ಉಚಿತ, ಡಿಒಐ ಎಂಬ ಶಾಶ್ವತ ಗುರುತೂ ಸಿಗುತ್ತದೆ. ಆ ಅಜ್ಜಿಯರ ಮನೆಗಳಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟು ಬನ್ನಿ.